ಸಿಲ್ಕಿ ಕೋಳಿಗಳನ್ನು ನಾಟಿ ಕೋಳಿಗಳ ಜೊತೆ ಬಿಟ್ಟೆ, ತಲೆ ಕುಕ್ಕಿ ರಕ್ತ ಬಂದಿದೆ. ಏನು ಮಾಡಲಿ?

ಮಳೆಮನೆ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಸ್ವಲ್ಪ ಒಳಗೆ, ತೋಟದ ಮನೆ. ಕೋಳಿ ಸಾಕಿರುವುದು ವ್ಯಾಪಾರಕ್ಕಲ್ಲ. ಮನೆಗೆ ಮೊಟ್ಟೆ ಸಿಗುತ್ತದೆ, ನನಗೆ ಹೊತ್ತು ಹೋಗುತ್ತದೆ. ಒಡ್ಡಿಯಲ್ಲಿ (ಕೋಳಿ ಗೂಡಿನಲ್ಲಿ) ಈಗ ನಾಟಿ ಹ್ಯಾಟೆ (ಹೆಣ್ಣು ಕೋಳಿ) ಆರು, ಗಿರಿರಾಜ ಹ್ಯಾಟೆ ಎರಡು, ಅಸೀಲ್ ಬೆರಕೆಯ ಹ್ಯಾಟೆ ಒಂದು, ನಾಟಿ ಹುಂಜ ಒಂದು ಇವೆ. ಅಸೀಲ್ ಬೆರಕೆಯವಳ ಹೆಸರು ಕೆಂಪಿ. ಹುಂಜ ಹೆಸರಿಗೆ ಮಾತ್ರ, ಅಂಗಳದ ಯಜಮಾನಿಕೆ ಅವಳದೇ.

ಹೋದ ತಿಂಗಳು ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಮೂರು ಸಿಲ್ಕಿ ತಂದೆ. ರೇಷ್ಮೆಯಂಥ ಮೆತ್ತನೆ ಪುಕ್ಕದ, ತಲೆಯ ಮೇಲೆ ಪುಕ್ಕದ ಟೋಪಿ ಇರುವ ಸಣ್ಣ ತಳಿ. ಬಿಳಿ ಬಣ್ಣ, ನಾಲ್ಕು ತಿಂಗಳು. ಮೂರೂ ಹ್ಯಾಟೆ ಅಂತ ಹೇಳಿ ಕೊಟ್ಟಿದ್ದಾರೆ. ಅಷ್ಟು ಸಾಧು ಕೋಳಿ ನಾನು ನೋಡಿಲ್ಲ. ಮಗಳ ಮಡಿಲಲ್ಲಿ ಕೂತು ನಿದ್ದೆ ಹೊಡೆಯುತ್ತವೆ. ಹತ್ತು ದಿನ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಇಟ್ಟಿದ್ದೆ. ಮೊನ್ನೆ ಆರಿದ್ರೆ ಮಳೆ ಸ್ವಲ್ಪ ಹೊಳವಾದಾಗ ಅಂಗಳಕ್ಕೆ ಬಿಟ್ಟೆ. ಕೆಂಪಿ ಓಡಿ ಬಂದವಳೇ ಒಂದರ ತಲೆಗೆ ಕುಕ್ಕಿದಳು. ಅದು ಓಡಲಿಲ್ಲ. ಅಲ್ಲೇ ನಿಂತಿತು! ಮತ್ತೆ ಕುಕ್ಕಿದಳು. ಆಮೇಲೆ ನಾಟಿಗಳೂ ಸೇರಿಕೊಂಡವು. ನಾನು ಪೊರಕೆ ಹಿಡಿದು ಓಡುವಷ್ಟರಲ್ಲಿ ತಲೆಯ ಮೇಲಿನ ಬಿಳಿ ಪುಕ್ಕ ಕೆಂಪಾಗಿತ್ತು. ಉಳಿದ ಎರಡು ಸೌದೆ ರಾಶಿಯ ಸಂದಿಗೆ ಹೊಕ್ಕಿವೆ, ಬಾ ಅಂದರೂ ಬರುವುದಿಲ್ಲ.

ಮೊದಲು ಗಿರಿರಾಜ ತಂದು ಬಿಟ್ಟಾಗ ಹೀಗೆ ಆಗಿರಲಿಲ್ಲ. ಎರಡು ದಿನ ಜಗಳ ಆಡಿ ಸುಮ್ಮನಾಗಿದ್ದವು. ಸಿಲ್ಕಿ ನಮ್ಮ ಕಡೆಗೆ ಆಗುವುದೇ ಇಲ್ವಾ? ವಾಪಸ್ ಕೊಟ್ಟುಬಿಡಲಾ?

ಹುಂಜಪ್ಪ (ಹೊಸನಗರ):

ಅಕ್ಕಾ, ತಲೆ ಕೆಡಿಸಿಕೊಳ್ಳಬೇಡಿ. ಕೋಳಿ ಅಂದ ಮೇಲೆ ಕುಕ್ಕದೆ ಇರುತ್ತವಾ? ನಮ್ಮ ಅಜ್ಜಿ ಹೊಸ ಕೋಳಿ ತಂದರೆ ರಾತ್ರಿ ಕತ್ತಲಲ್ಲಿ ಒಡ್ಡಿಯೊಳಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಬೆಳಿಗ್ಗೆ ಎಲ್ಲ ಒಂದೇ. ಬಿಡಿ, ಅವರವರೇ ನೋಡಿಕೊಳ್ಳುತ್ತಾರೆ.

ಸಾಗರದ ಒಡ್ಡಿ:

ಹುಂಜಪ್ಪಣ್ಣ, ಅಜ್ಜಿ ಮಾಡಿದ್ದು ನಾಟಿಗೆ ನಾಟಿ ಸೇರಿಸುವಾಗ. ಇಲ್ಲಿ ಒಂದು ಕಿಲೋ ತೂಗದ ಸಿಲ್ಕಿ, ಎದುರಿಗೆ ಅಸೀಲ್ ರಕ್ತ. ಕಾಳಗಕ್ಕೆ ಅಂತಲೇ ನೂರಾರು ವರ್ಷ ಆರಿಸಿ ಬೆಳೆಸಿದ ತಳಿ ಅದು. ಬಿಟ್ಟರೆ ರಕ್ತ ಬಂದ ಜಾಗಕ್ಕೇ ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಕೆಂಪು ಕಂಡರೆ ಕೋಳಿಗೆ ಕೈ ತಡೆಯುವುದಿಲ್ಲ, ಕೊಕ್ಕು ತಡೆಯುವುದಿಲ್ಲ ಅನ್ನಬೇಕೇನೋ.

ಅಕ್ಕಾ, ಮೊದಲು ಗಾಯ ಆದದ್ದನ್ನು ಒಳಗೆ ತನ್ನಿ. ಆಮೇಲೆ ಇಷ್ಟು ಹೇಳಿ. ಕೊಟ್ಟಿಗೆಯಲ್ಲಿ ಇಟ್ಟಾಗ ಹಳೇ ಕೋಳಿಗಳಿಗೆ ಇವು ಕಾಣುತ್ತಿದ್ದವಾ? ಬಿಟ್ಟ ದಿನ ಸಿಲ್ಕಿಗಳು ನೆನೆದಿದ್ದವಾ? ಕಾಳು ಹಾಕುವುದು ಒಂದೇ ಜಾಗದಲ್ಲಾ?

ಮಳೆಮನೆ:

ಒಳಗೆ ತಂದಿದ್ದೇನೆ, ಬುಟ್ಟಿಯಲ್ಲಿದೆ. ನುಚ್ಚು ತಿಂದಿತು. ಕೊಟ್ಟಿಗೆಯಲ್ಲಿ ಎರಚಲು ಹೊಡೆಯುತ್ತದೆ ಅಂತ ಸುತ್ತ ಗೋಣಿ ಕಟ್ಟಿದ್ದೆ, ಹಾಗಾಗಿ ಯಾರಿಗೂ ಕಂಡಿಲ್ಲ. ಬಿಟ್ಟು ಹತ್ತು ನಿಮಿಷಕ್ಕೆ ಜಿರಿಜಿರಿ ಮಳೆ ಬಂತು, ನೆನೆದವು. ಒದ್ದೆ ಬೆಕ್ಕಿನ ಮರಿ ಹಾಗೆ ಕಾಣುತ್ತಿದ್ದವು. ಕಾಳು ಹಾಕುವುದು ಅಂಗಳದ ಒಂದೇ ಕಡೆ.

ಕೋಳಿ ಡಾಕ್ಟ್ರು ಆಗುವವಳು (ಶಿವಮೊಗ್ಗ):

ನಾನು ಪಶುವೈದ್ಯಕೀಯ ಓದುತ್ತಿದ್ದೇನೆ, ಇನ್ನೂ ಡಾಕ್ಟರ್ ಅಲ್ಲ. ಆದರೂ ತಲೆಗೆ ಪೆಟ್ಟು ಅಂದದ್ದಕ್ಕೆ ಬರೆಯುತ್ತಿದ್ದೇನೆ.

ತಲೆಯ ಮೇಲೆ ದೊಡ್ಡ ಪುಕ್ಕದ ಟೋಪಿ ಇರುವ ಸಿಲ್ಕಿಗಳಲ್ಲಿ ಎಷ್ಟೋ ಕೋಳಿಗಳ ಬುರುಡೆ ಮೇಲೆ ಗುಬುಟಾಗಿ ಉಬ್ಬಿರುತ್ತದೆ. ಅಲ್ಲಿ ಮೂಳೆ ಪೂರ್ತಿ ಕೂಡಿರುವುದಿಲ್ಲ, ನಡುವೆ ತೂತು ಇರುತ್ತದೆ. ನಾಟಿ ಕೋಳಿಗೆ ಏನೂ ಅನ್ನಿಸದ ಕುಕ್ಕು ಇದಕ್ಕೆ ನೇರ ಮಿದುಳಿಗೇ ತಾಗಬಹುದು. ಉಪ್ಪುನೀರು ಕಾಯಿಸಿ ಆರಿಸಿ ಗಾಯ ತೊಳೆಯಿರಿ. ಒತ್ತಿ ಉಜ್ಜಬೇಡಿ. ಮಳೆಗಾಲ ಬೇರೆ, ನೊಣ ಮೊಟ್ಟೆ ಇಟ್ಟರೆ ಎರಡೇ ದಿನದಲ್ಲಿ ಹುಳ ಬೀಳುತ್ತದೆ. ದಿನಾ ಬೆಳಕಿನಲ್ಲಿ ಪುಕ್ಕ ಬಿಡಿಸಿ ನೋಡಿ.

ಕತ್ತು ತಿರುಚಿಕೊಂಡರೆ, ಹಿಂದಕ್ಕೆ ನಡೆದರೆ, ಕಾಳಿಗೆ ಗುರಿ ತಪ್ಪಿದರೆ ತಡ ಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಪೆಟ್ಟಿನಿಂದಲೂ ಹಾಗಾಗುತ್ತದೆ, ಕೊಕ್ಕರೆ ರೋಗದಿಂದಲೂ (ರಾಣಿಖೇತ್, ಕೋಳಿಗೆ ಬರುವ ವೈರಸ್ ರೋಗ) ಆಗುತ್ತದೆ. ಮನೆಯಲ್ಲಿ ನೋಡಿ ಯಾವುದು ಅಂತ ಹೇಳಲು ಬರುವುದಿಲ್ಲ. ಕೊಕ್ಕರೆ ರೋಗಕ್ಕೆ ಹಾಕುವ ಲಸಿಕೆಗಳು, ಅಂದರೆ ಮೊದಲ ವಾರದ ಲಸೋಟಾ ಹನಿ, ಎಂಟು ವಾರದ ಆರ್‌2ಬಿ ಚುಚ್ಚುಮದ್ದು ಆಗಿದೆಯಾ ಅಂತ ಕೊಟ್ಟವರನ್ನು ಕೇಳಿ. ಹತ್ತು ದಿನ ಬೇರೆ ಇಟ್ಟದ್ದೂ ಕಡಿಮೆಯೇ, ಹೊಸ ಕೋಳಿಗೆ ರೋಗ ಇದ್ದರೆ ಗೊತ್ತಾಗಲು ಮೂರ್ನಾಲ್ಕು ವಾರ ಇಡಬೇಕು.

ಭದ್ರಾವತಿ ತಾರಸಿ:

ನಾನು ಐದು ವರ್ಷದಿಂದ ತಾರಸಿ ಮೇಲೆ ಸಿಲ್ಕಿ ಸಾಕುತ್ತಿದ್ದೇನೆ. ಮಳೆಮನೆ ಅವರು ಬರೆದದ್ದರಲ್ಲಿ ಒಂದು ಮಾತು ನನಗೆ ಚುಚ್ಚಿತು. "ಅದು ಓಡಲಿಲ್ಲ, ಅಲ್ಲೇ ನಿಂತಿತು." ಎಲ್ಲರೂ ಇದನ್ನು ಸಾಧು ಸ್ವಭಾವ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅಲ್ಲ ಮಾರಾಯ್ರೆ, ಅದಕ್ಕೆ ಕಣ್ಣು ಕಾಣುವುದಿಲ್ಲ!

ಕೋಳಿಗಳಲ್ಲಿ ಮೇಲು ಕೀಳಿನ ಸಾಲು ಇರುತ್ತದಲ್ಲ, ನಾರ್ವೆಯ ಶೆಲ್ಡರಪ್ ಎಬ್ಬೆ ಎಂಬಾತ 1920ರ ದಶಕದ ಮೊದಲಲ್ಲೇ ಅದನ್ನು ಕೂತು ನೋಡಿ ಬರೆದಿಟ್ಟಿದ್ದಾನೆ. ಆ ಸಾಲು ನಡೆಯುವುದು ಹೆಚ್ಚಾಗಿ ನೋಟದಲ್ಲೇ. ಮೇಲಿನವಳು ಕತ್ತು ನಿಗುರಿಸಿ ಒಂದು ನೋಟ ಬಿಡುತ್ತಾಳೆ, ಕೆಳಗಿನವಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾಳೆ. ಮುಗಿಯಿತು, ಕುಕ್ಕುವ ಮಾತೇ ಇಲ್ಲ. ನಿಮ್ಮ ಗಿರಿರಾಜಗಳು ಎರಡು ದಿನದಲ್ಲಿ ಕಲಿತದ್ದು ಇದನ್ನೇ. ಸಿಲ್ಕಿಗೆ ಟೋಪಿ ಕಣ್ಣಿನ ಮೇಲೆ ಇಳಿದಿರುತ್ತದೆ. ಕೆಂಪಿ ಗುರಾಯಿಸಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಕೆಂಪಿಗೆ ಏನನ್ನಿಸಿತು? ಇವಳಿಗೆಷ್ಟು ಸೊಕ್ಕು, ನನಗೇ ಎದುರು ನಿಲ್ಲುತ್ತಾಳಲ್ಲ ಅಂತ. ಇನ್ನೊಂದು ಬಿಟ್ಟಳು.

ಪರೀಕ್ಷೆ ಸುಲಭ. ಸದ್ದಾಗದಂತೆ ಕೈಯನ್ನು ಮೇಲಿನಿಂದ ಮೆಲ್ಲಗೆ ತನ್ನಿ. ತಾಗಿದ ಮೇಲೆ ಬೆಚ್ಚಿದರೆ ಕಾಣುತ್ತಿಲ್ಲ ಅಂತಲೇ. ಆಗ ಮೊಂಡು ತುದಿಯ ಕತ್ತರಿ ತಗೊಂಡು ಕಣ್ಣಿನ ಸುತ್ತಲಿನ ಪುಕ್ಕ ಕತ್ತರಿಸಿ. ಹೊಸದಾಗಿ ಹುಟ್ಟುತ್ತಿರುವ ಗರಿಯ ಬುಡ ನೀಲಿಗಪ್ಪಾಗಿ ಕಾಣುತ್ತದೆ. ಅದರೊಳಗೆ ರಕ್ತ ಇರುತ್ತದೆ, ಅದನ್ನು ಮುಟ್ಟಬೇಡಿ. ಕತ್ತರಿಸಲು ಮನಸ್ಸಿಲ್ಲದಿದ್ದರೆ ಸಣ್ಣ ರಬ್ಬರ್ ಬ್ಯಾಂಡಿನಲ್ಲಿ ಮಗುವಿನ ಜುಟ್ಟು ಕಟ್ಟಿದ ಹಾಗೆ ಕಟ್ಟಬಹುದು. ಗಾಯ ಆದದ್ದಕ್ಕೆ ಮಾತ್ರ ಕಟ್ಟಬೇಡಿ.

ಹುಂಜಪ್ಪ (ಹೊಸನಗರ):

ಇದು ಗೊತ್ತಿರಲಿಲ್ಲ. ನಾನು ಹೇಳಿದ್ದು ವಾಪಸ್. ಅಂದ ಹಾಗೆ ಪುಕ್ಕ ಬಿಳಿ ಇದ್ದರೂ ಸಿಲ್ಕಿಯ ಚರ್ಮ ಕಪ್ಪಲ್ವಾ, ಹಾಗಾದರೆ ಇದು ಕಡಕ್‌ನಾಥ್ (ಕಪ್ಪು ಕೋಳಿ) ಜಾತಿಯೇ ತಾನೆ?

ಭದ್ರಾವತಿ ತಾರಸಿ:

ಅಲ್ಲಣ್ಣ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು, ಗರಿಯೂ ಕಪ್ಪು, ಕಾಲಿಗೆ ನಾಲ್ಕೇ ಬೆರಳು. ಸಿಲ್ಕಿಗೆ ಐದು ಬೆರಳು, ಮೂಲ ಚೀನಾ ಕಡೆ. 13ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಕೊ ಪೋಲೊ ಬೆಕ್ಕಿನ ಹಾಗೆ ಕೂದಲಿರುವ ಕೋಳಿ ಅಂತ ಹೇಳಿದ್ದಾನೆ. ಇದೇ ಇರಬೇಕು ಅನ್ನುತ್ತಾರೆ. ಮಳೆಮನೆ ಅವರಿಗೂ ಬೆಕ್ಕೇ ನೆನಪಾಯಿತು ನೋಡಿ.

ಮಳೆಮನೆ:

ಪರೀಕ್ಷೆ ಮಾಡಿದೆ. ಗಾಯ ಆದದ್ದು ಕೈ ತಾಗುವ ತನಕ ಅಲುಗಲಿಲ್ಲ. ಇನ್ನೊಂದಕ್ಕೂ ಹಾಗೇ. ಮೂರನೆಯದರ ಟೋಪಿ ಚಿಕ್ಕದು, ಅದು ಮಾತ್ರ ಸರಿದು ಕೂತಿತು. ಈಗ ಗೊತ್ತಾಯಿತು, ಆ ದಿನ ಸೌದೆ ರಾಶಿ ಹುಡುಕಿ ಹೊಕ್ಕವಳು ಇವಳೇ, ಇನ್ನೊಂದು ಇವಳ ಬೆನ್ನಿಗೆ ಅಂಟಿಕೊಂಡು ಹೋಗಿದೆ.

ನನ್ನವರು ಟಾರ್ಚ್ ಹಿಡಿದರು, ನಾನು ಕತ್ತರಿಸಿದೆ. ಅಂದ ಎಲ್ಲ ಹೋಯಿತು, ಮಗಳಿಗೆ ಸಿಟ್ಟು. ಆದರೆ ಕತ್ತರಿಸಿದ ಕೂಡಲೇ ಅದು ಸುತ್ತ ತಿರುತಿರುಗಿ ನೋಡಿದ್ದು ಕಂಡು ನನಗೆ ಕಣ್ಣಲ್ಲಿ ನೀರು ಬಂತು. ಲಸಿಕೆ ಎರಡೂ ಆಗಿದೆಯಂತೆ. ಈಗ ಮತ್ತೆ ಸೇರಿಸುವುದು ಹೇಗೆ?

ಸಾಗರದ ಒಡ್ಡಿ:

ಗಾಯ ಪೂರ್ತಿ ಒಣಗುವ ತನಕ ಸೇರಿಸುವ ಮಾತು ಬೇಡ. ಅಲ್ಲಿಯವರೆಗೆ ಬೇರೆ ಇಟ್ಟ ದಿನಗಳೂ ಸರಿಹೋಗುತ್ತವೆ. ಆಮೇಲೆ ಗೋಣಿ ಬಿಚ್ಚಿ ಅರ್ಧ ಇಂಚಿನ ಜಾಲರಿ ಹೊಡೆಯಿರಿ. ದೊಡ್ಡ ಕಣ್ಣಿನ ಜಾಲರಿ ಆದರೆ ತಲೆ ತೂರಿಸಿ ಕುಕ್ಕುತ್ತವೆ. ಎರಡು ವಾರ ಕಾಣಲಿ, ತಾಗದಿರಲಿ. ಕಾಳನ್ನು ಜಾಲರಿಯ ಎರಡೂ ಕಡೆ ಹತ್ತಿರ ಹತ್ತಿರ ಹಾಕಿ. ಒಟ್ಟಿಗೆ ಉಂಡವರ ಹಾಗೆ ಅಭ್ಯಾಸ ಆಗುತ್ತದೆ.

ಬಿಡುವ ಮೂರು ದಿನ ಮೊದಲು ಕೆಂಪಿಯನ್ನು ಹಿಡಿದು ಬೇರೆ ಹಾಕಿ, ಬೇರೆಯವರಿಗೆ ಕಾಣದ ಕಡೆ. ಸಿಲ್ಕಿಯನ್ನಲ್ಲ, ಕೆಂಪಿಯನ್ನು. ಜನ ಇಲ್ಲೇ ತಪ್ಪುವುದು. ಪೆಟ್ಟು ತಿಂದವಳನ್ನು ಪದೇ ಪದೇ ಹೊರಗೆ ತೆಗೆದರೆ ಅವಳು ಪ್ರತಿ ಸಲ ಹೊಸಬಳೇ ಆಗುತ್ತಾಳೆ. ಯಜಮಾನಿಯನ್ನು ತೆಗೆದರೆ ಉಳಿದವರು ಸಾಲು ಮತ್ತೆ ಕಟ್ಟಿಕೊಳ್ಳುತ್ತಾರೆ, ಅವಳು ತಿರುಗಿ ಬಂದಾಗ ಅವಳೇ ಸ್ವಲ್ಪ ಹೊಸಬಳು. ಮೂರನ್ನೂ ಒಟ್ಟಿಗೇ ಬಿಡಿ, ಒಂದನ್ನೇ ಬಿಟ್ಟರೆ ಎಲ್ಲರ ಕಣ್ಣೂ ಅದರ ಮೇಲೆ. ಕಾಳು ಮೂರು ಕಡೆ, ನೀರು ಎರಡು ಕಡೆ. ಅಡಿಕೆ ದಬ್ಬೆ ಅಡ್ಡಡ್ಡ ಒರಗಿಸಿ ಅಡಗಲು ಜಾಗ ಮಾಡಿ, ಎರಡೂ ಬದಿ ದಾರಿ ಇರಲಿ. ಒಂದೇ ಬಾಯಿಯ ಸಂದಿ ಆದರೆ ಒಳಗೆ ಸಿಕ್ಕಿಬಿದ್ದು ಪೆಟ್ಟು ತಿನ್ನುತ್ತವೆ.

ಮಳೆ ವಿಷಯ ನಿಮ್ಮ ಕಡೆ ದೊಡ್ಡದು. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯ ಬಗಲಲ್ಲೇ ಇದ್ದೀರಿ. ಬೇರೆ ಕೋಳಿಯ ಗರಿಯ ಎಳೆಗಳಿಗೆ ಸಣ್ಣ ಸಣ್ಣ ಕೊಕ್ಕೆ ಇರುತ್ತವೆ, ಒಂದಕ್ಕೊಂದು ಸಿಕ್ಕಿಕೊಂಡು ಹೆಂಚು ಹೊದೆಸಿದ ಹಾಗೆ ನೀರು ಜಾರುತ್ತದೆ. ಸಿಲ್ಕಿಗೆ ಆ ಕೊಕ್ಕೆ ಇಲ್ಲ, ಹತ್ತಿಯ ಹಾಗೆ ನೀರು ಕುಡಿಯುತ್ತದೆ. ನೆನೆದ ಕೋಳಿ ಚಳಿಗೆ ಕುಗ್ಗಿ ನಿಂತರೆ ಉಳಿದವಕ್ಕೆ ಅದು ರೋಗದ ಕೋಳಿ, ಕುಕ್ಕಲು ಇನ್ನೊಂದು ನೆಪ. ಹಾಗಾಗಿ ಪರಿಚಯ ಎಲ್ಲ ಮಾಡಿನ ಕೆಳಗೇ ಆಗಲಿ. ಹಾರಲು ಬಾರದ್ದಕ್ಕೆ ನೆಲದಲ್ಲೇ ಗುಂಪಾಗಿ ಮಲಗುತ್ತವೆ, ನೆಲ ಒದ್ದೆ ಇದ್ದರೆ ರಕ್ತಭೇದಿ ಖಂಡಿತ. ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಕಿ. ಬೂಸಲು ಹಿಡಿದ ಹೊಟ್ಟು ಮಾತ್ರ ಬೇಡ, ಎದೆಗೆ ಹಿಡಿಯುತ್ತದೆ.

ಮಳೆಮನೆ:

ಪುಷ್ಯ ಮಳೆ ಶುರುವಾಗಿದೆ, ಕರೆಂಟ್ ಇಲ್ಲದೆ ನಾಲ್ಕು ದಿನ ಆಯಿತು, ಅದಕ್ಕೇ ಬರೆಯುವುದು ತಡ.

ಗಾಯ ಒಣಗಿದೆ, ಕತ್ತು ನೆಟ್ಟಗಿದೆ. ಜಾಲರಿಯ ಕೆಲಸ ಎರಡು ವಾರ ಮಾಡಿದೆ. ಮೊದಲ ದಿನ ಕೆಂಪಿ ಜಾಲರಿಗೆ ಹಾರಿ ಹಾರಿ ಬಡಿದಳು. ಐದನೇ ದಿನಕ್ಕೆ ಬೇಜಾರಾಗಿ ಬಿಟ್ಟಳು. ಆಮೇಲೆ ಅವಳನ್ನು ಮೂರು ದಿನ ಅಟ್ಟದ ಕೆಳಗೆ ಬುಟ್ಟಿ ಮುಚ್ಚಿ ಇಟ್ಟೆ. ಇಡೀ ಮನೆಗೆ ಕೇಳುವ ಹಾಗೆ ಬೈದಳು. ನಾಟಿಗಳ ಜೊತೆ ಸಿಲ್ಕಿ ಬಿಟ್ಟಾಗ ಒಂದೆರಡು ಕುಕ್ಕು ಬಿತ್ತು, ಆದರೆ ಈ ಸಲ ಸಿಲ್ಕಿಗಳು ನೋಟ ಕಂಡ ಕೂಡಲೇ ಸರಿದವು. ಭದ್ರಾವತಿಯವರು ಹೇಳಿದ ತಲೆ ತಗ್ಗಿಸುವುದನ್ನು ಕಣ್ಣಾರೆ ಕಂಡೆ. ಕೆಂಪಿ ತಿರುಗಿ ಬಂದ ದಿನ ಒಬ್ಬಳನ್ನು ಎರಡು ಸಲ ಅಟ್ಟಿಸಿದಳು. ಅವಳು ದಬ್ಬೆಯ ಈ ಬದಿ ಹೊಕ್ಕು ಆ ಬದಿ ಹೊರಟಳು. ಅಷ್ಟೇ.

ಈಗ ಹೊಸ ತಾಪತ್ರಯ. ಟೋಪಿ ಚಿಕ್ಕದಿದ್ದ ಆ ಮೂರನೆಯವಳು ಇವತ್ತು ಬೆಳಿಗ್ಗೆ ಕೂಗಿದಳು. ಹ್ಯಾಟೆ ಅಲ್ಲ, ಹುಂಜ! ಕೊಟ್ಟವರಿಗೆ ಫೋನ್ ಮಾಡಿದರೆ ನಗುತ್ತಾರೆ.

ಭದ್ರಾವತಿ ತಾರಸಿ:

ಅವರದೂ ಪೂರ್ತಿ ತಪ್ಪಲ್ಲ ಬಿಡಿ. ಸಿಲ್ಕಿಯಲ್ಲಿ ಐದಾರು ತಿಂಗಳ ತನಕ ಹುಂಜವೋ ಹ್ಯಾಟೆಯೋ ಅಂತ ನಾನೂ ಎಷ್ಟೋ ಸಲ ತಪ್ಪಿದ್ದೇನೆ. ಹ್ಯಾಟೆಯ ಟೋಪಿ ಚೆಂಡಿನ ಹಾಗೆ ದುಂಡಗೆ, ಹುಂಜದ್ದು ಹಿಂದಕ್ಕೆ ಬಾಚಿದ ಹಾಗೆ. ನಾಟಿ ಹುಂಜದ ಜೊತೆ ಜಗಳ ಬಂದರೆ ಇವನನ್ನೇ ಬೇರೆ ಮಾಡಿ, ತಲೆ ಮೆತ್ತಗೆ ಅಂತ ಮೇಲೆ ಹೇಳಿದ್ದಾರಲ್ಲ. ಕಣ್ಣ ಸುತ್ತಲಿನ ಪುಕ್ಕ ಮತ್ತೆ ಬೆಳೆಯುತ್ತದೆ, ತಿಂಗಳಿಗೊಮ್ಮೆ ಕೈ ಪರೀಕ್ಷೆ ಮಾಡುತ್ತಿರಿ.

ಮಳೆಮನೆ:

ಸದ್ಯಕ್ಕೆ ನಾಟಿ ಹುಂಜ ಅವನನ್ನು ಹುಂಜ ಅಂತ ಒಪ್ಪಿಕೊಂಡೇ ಇಲ್ಲ, ಹತ್ತಿರ ಹೋಗಿ ಒಮ್ಮೆ ನೋಡಿ ಕಾಳು ಹೆಕ್ಕಲು ಹೋಯಿತು. ಜಾಲರಿಯ ಕೋಣೆ ಬಿಚ್ಚದೆ ಹಾಗೇ ಇಟ್ಟಿದ್ದೇನೆ, ಬೇಕಾದರೆ ಅಲ್ಲಿ ಹಾಕುತ್ತೇನೆ. ಕತ್ತರಿಗೆ ಮಗಳು ದಾರ ಕಟ್ಟಿ ಒಡ್ಡಿಯ ಬಾಗಿಲಿಗೆ ನೇತು ಹಾಕಿದ್ದಾಳೆ.