ಟ್ರಯಲ್ಸ್ ಕಲಿಯಬೇಕು: ಸೈಕಲ್ ಮೊದಲಾ, ಬೈಕ್ ಮೊದಲಾ?

ತುಮಕೂರು ಪೆಡಲ್:

ಎಲ್ಲರಿಗೂ ನಮಸ್ಕಾರ. ಟ್ರಯಲ್ಸ್, ಅಂದರೆ ಕಾಲೂರದೆ ಕಲ್ಲುಬಂಡೆ ದಾಟುವ ಆಟದಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದ ಟೋನಿ ಬೌ ಅವರ ಬೈಕ್ ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿದಿದೆ. ಆಳೆತ್ತರದ ಬಂಡೆ, ವೇಗ ತೆಗೆದುಕೊಳ್ಳಲು ಎರಡು ಮಾರು ಜಾಗವೂ ಇರುವುದಿಲ್ಲ, ಬೈಕ್ ಮೇಲೆ ನಿಂತವರು ಒಂದು ಸಲ ಕುಕ್ಕಿ ಎದ್ದರೆ ಬಂಡೆ ಮೇಲಿರುತ್ತಾರೆ. ಕಾಲು ನೆಲಕ್ಕೆ ತಾಗುವುದೇ ಇಲ್ಲ. ರೇಸ್ ನೋಡಿ ನನಗೆ ಯಾವತ್ತೂ ಹೀಗೆ ಅನಿಸಿರಲಿಲ್ಲ.

ನನ್ನ ಹತ್ತಿರ 27.5 ಇಂಚಿನ ಮಾಮೂಲಿ ಹಾರ್ಡ್‌ಟೇಲ್ ಎಂಟಿಬಿ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಸೈಕಲ್) ಇದೆ, ಡಿಸ್ಕ್ ಬ್ರೇಕ್. ಮನೆಯಲ್ಲಿ ಅಣ್ಣನ ಎಕ್ಸ್‌ಪಲ್ಸ್ 200 ಬೈಕ್ ಕೂಡ ಇದೆ. ಯಾವುದರಲ್ಲಿ ಶುರು ಮಾಡಲಿ? ಟ್ರಯಲ್ಸ್‌ಗೆ ಅಂತಲೇ ಬೇರೆ ಸೈಕಲ್ ಬೇಕಾ? ಇನ್ನೊಂದು, ನನಗೆ ಮೂವತ್ತು ದಾಟಿದೆ. ಇವರೆಲ್ಲ ಹುಡುಗರಾಗಿದ್ದಾಗಲೇ ಶುರು ಮಾಡಿದವರು ಅಲ್ವಾ? ನಮ್ಮ ಕಡೆ ಬಂಡೆಗಳಿಗೇನೂ ಬರ ಇಲ್ಲ, ದೇವರಾಯನದುರ್ಗದ ಸುತ್ತ ಎಲ್ಲಿ ನೋಡಿದರೂ ಕಲ್ಲೇ. ಅಲ್ಲಿಗೇ ಹೋಗಿ ಅಭ್ಯಾಸ ಮಾಡಬಹುದಾ?

ಸೈಜುಗಲ್ಲು ಸವಾರ:

ಸೈಕಲ್. ಎರಡನೇ ಮಾತೇ ಇಲ್ಲ. ನೀವು ಹೇಳಿದ ಬೌ ಕೂಡ ಚಿಕ್ಕಂದಿನಲ್ಲಿ ಸೈಕಲ್ ಟ್ರಯಲ್ಸ್ ಮಾಡಿಯೇ ಬೈಕಿಗೆ ಬಂದವರು. ಅವರಿಗಿಂತ ಮುಂಚೆ 7 ಸಲ ವಿಶ್ವ ಚಾಂಪಿಯನ್ ಆದ ಜೋರ್ಡಿ ಟಾರೆಸ್ ಕೂಡ ಹಾಗೇ. ಸೈಕಲ್ ಟ್ರಯಲ್ಸ್ ಅನ್ನುವುದು ಹುಟ್ಟಿದ್ದೇ ಸ್ಪೇನಿನ ಕ್ಯಾಟಲೋನಿಯಾದಲ್ಲಿ, 1970ರ ದಶಕದಲ್ಲಿ. ಮೊಂಟೆಸಾ ಬೈಕ್ ಕಂಪನಿಯಲ್ಲಿದ್ದ ಪೆರೆ ಪಿ ಅವರು ಮಗ ಓಟ್ ಪಿಗೆ ಬೈಕಿನ ಪಟ್ಟುಗಳನ್ನು ಸೈಕಲ್ ಮೇಲೆ ಹೇಳಿಕೊಟ್ಟರು. ಆ ಹುಡುಗ ಮುಂದೆ ಸೈಕಲ್ ಟ್ರಯಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದ.

ಸೈಕಲ್ ಯಾಕೆ ಅಂದರೆ, ಅದರಲ್ಲಿ ಇಂಜಿನ್ ಇಲ್ಲ. ಮೈ ಎಲ್ಲಿ ಇರಬೇಕೋ ಅಲ್ಲಿ ಇಲ್ಲದಿದ್ದರೆ ಸೈಕಲ್ ಏಳುವುದೇ ಇಲ್ಲ, ಅಷ್ಟೇ. ಬಿದ್ದರೂ ಹತ್ತು ಹದಿನೈದು ಕೆಜಿ ಬೀಳುತ್ತದೆ. ದಿನಕ್ಕೆ ಅರ್ಧ ಗಂಟೆ ಮನೆ ಮುಂದೆಯೇ ಮಾಡಬಹುದು, ಪಕ್ಕದ ಮನೆಯವರಿಗೆ ಸದ್ದೂ ಇಲ್ಲ.

ಈಗ ಇರುವ ಎಂಟಿಬಿಯೇ ಸಾಕು. ಹೊಸದು ಸದ್ಯಕ್ಕೆ ಬೇಡ. ಸೀಟನ್ನು ಪೂರ್ತಿ ಕೆಳಗಿಳಿಸಿ. ಗೇರ್ ಹಗುರ ಇರಲಿ, ಮುಂದೆ 22 ಹಲ್ಲಿನ ಚಕ್ರ ಇದ್ದರೆ ಹಿಂದೆ 18ರ ಆಸುಪಾಸು. ಮೊದಲು ಕಲಿಯಬೇಕಾದ್ದು ಹಾರುವುದಲ್ಲ, ನಿಲ್ಲುವುದು. ಸ್ವಲ್ಪ ಏರು ಇರುವ ಜಾಗ ಹುಡುಕಿ, ಗೇಟಿನ ಮುಂದಿನ ಇಳಿಜಾರು ಇದ್ದರೂ ಸಾಕು. ಏರಿನ ಕಡೆ ಮುಖ ಮಾಡಿ, ಎರಡು ಪೆಡಲ್ಲೂ ಒಂದೇ ಮಟ್ಟದಲ್ಲಿ, ನಿಮಗೆ ಸಲೀಸಾದ ಕಾಲು ಮುಂದೆ. ಹ್ಯಾಂಡಲನ್ನು ಆ ಮುಂದಿನ ಕಾಲಿನ ಕಡೆಗೇ ಸುಮಾರು 45 ಡಿಗ್ರಿ ತಿರುಗಿಸಿ. ಪೆಡಲ್ ಮೇಲೆ ಒಂಚೂರು ಒತ್ತಿದರೆ ಸೈಕಲ್ ಮುಂದಕ್ಕೆ, ಬಿಟ್ಟರೆ ಏರು ತಾನಾಗಿ ಹಿಂದಕ್ಕೆ ತಳ್ಳುತ್ತದೆ. ಅಷ್ಟರಲ್ಲೇ ಆಟ, ಅಂಗೈ ಅಗಲದಷ್ಟು ಮುಂದೆ, ಅಷ್ಟೇ ಹಿಂದೆ. ಕಣ್ಣು ಚಕ್ರದ ಮೇಲೆ ಬೇಡ, ನಾಲ್ಕು ಹೆಜ್ಜೆ ಮುಂದಿನ ಕಲ್ಲೊಂದನ್ನು ನೋಡುತ್ತಿರಿ. ಇದು ಕೈಗೂಡಿದ ಮೇಲೆ ಸಮತಟ್ಟು ನೆಲದಲ್ಲಿ, ಆಮೇಲೆ ಬರೀ ಬ್ರೇಕ್ ಹಿಡಿದು, ಆಮೇಲೆ ಎರಡೂ ಬ್ರೇಕ್ ಹಿಡಿದು ಜಾಗದಲ್ಲೇ ಕುಪ್ಪಳಿಸುವುದು. ಇಷ್ಟು ಬಾರದೆ ಬಂಡೆ ಹತ್ತಿರ ಹೋಗಲೇಬೇಡಿ.

ಹತ್ತುವುದಕ್ಕೆ ಮನೆ ಕಟ್ಟುವ ಕಡೆ ಬಿದ್ದಿರುವ ಸೈಜುಗಲ್ಲು ಒಂದೆರಡು, ಹಳೆ ಲಾರಿ ಟೈರ್, ತೆಂಗಿನ ಮರದ ತುಂಡು. ಬೇರೇನೂ ಬೇಡ. ಹೆಲ್ಮೆಟ್ ಮತ್ತು ಶಿನ್ ಗಾರ್ಡ್ ಮಾತ್ರ ಮೊದಲ ದಿನದಿಂದಲೇ ಹಾಕಿ. ಪೆಡಲ್ ಜಾರಿದರೆ ಅದರ ಪಿನ್ನುಗಳು ನೇರ ಕಣಕಾಲಿನ ಮೂಳೆಗೇ ಬರುತ್ತವೆ.

ಕ್ಲಚ್ ಕೇಬಲ್:

ಮೇಲಿನವರು ಹೇಳಿದ್ದು ಸರಿ, ಆದರೆ ಮನೆಯಲ್ಲಿ ಬೈಕ್ ಇದ್ದೂ ಅದನ್ನು ಮುಟ್ಟಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ಲಚ್ ಅನ್ನುವುದು ಸೈಕಲ್ಲಿನಲ್ಲಿ ಇಲ್ಲವೇ ಇಲ್ಲ. ಬೈಕ್ ಟ್ರಯಲ್ಸ್‌ನ ಅರ್ಧ ವಿದ್ಯೆ ಎಡಗೈಯ ಒಂದು ಬೆರಳಿನಲ್ಲಿದೆ.

ಎಕ್ಸ್‌ಪಲ್ಸ್‌ನಲ್ಲಿ ಏನು ಆಗುತ್ತೆ, ಏನು ಆಗಲ್ಲ ಅಂತ ಮೊದಲು ತಿಳಿದುಕೊಳ್ಳಿ. ಅದರ ತೂಕ 150 ಕೆಜಿಗೂ ಜಾಸ್ತಿ. ಟ್ರಯಲ್ಸ್ ಬೈಕ್ ಅಂದರೆ 70 ಕೆಜಿ ಆಸುಪಾಸು, ಸೀಟೇ ಇರುವುದಿಲ್ಲ, ಟ್ಯಾಂಕಿಗೆ ಎರಡು ಮೂರು ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಟೈರ್ ರಬ್ಬರ್ ಮೆತ್ತಗೆ, ಹಿಂದಿನ ಟೈರಿನಲ್ಲಿ ಗಾಳಿ ಬರೀ 4-5 ಪಿಎಸ್ಐ. ನಮ್ಮ ಬೈಕಿಗೆ ಪಂಕ್ಚರ್ ಅಂಗಡಿಯವರು ಹಾಕುವುದು ಇದರ ಐದಾರು ಪಟ್ಟು. ಗಾಳಿ ಅಷ್ಟು ಕಮ್ಮಿ ಇರುವುದರಿಂದ ಟೈರ್ ಕಲ್ಲಿನ ಮೂಲೆಯನ್ನು ತಬ್ಬಿಕೊಳ್ಳುತ್ತೆ, ಒದ್ದೆ ಬಂಡೆಯ ಮೇಲೂ ಹಿಡಿತ ಸಿಗುತ್ತೆ. ಎಕ್ಸ್‌ಪಲ್ಸ್‌ನಲ್ಲಿ ಟ್ಯೂಬ್ ಟೈರ್, ಅಷ್ಟು ಗಾಳಿ ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬ್ ಕತ್ತರಿಸಿಹೋಗುತ್ತದೆ. ಹಾಗಾಗಿ ಬೌ ಮಾಡುವುದನ್ನು ಅದರಲ್ಲಿ ಮಾಡುವ ಆಸೆ ಬಿಡಿ. ಅದು ಆಗುವುದಿಲ್ಲ, ಕಾಲು ಮುರಿಯುತ್ತದೆ.

ಆದರೆ ಇಷ್ಟು ಮಾಡಬಹುದು. ಖಾಲಿ ಮೈದಾನದಲ್ಲಿ ಮೊದಲ ಗೇರ್, ನಿಂತುಕೊಂಡು ಓಡಿಸಿ, ನಡೆದು ಹೋಗುವವರಿಗಿಂತ ನಿಧಾನ. ಇಂಜಿನ್ ಒಂದೇ ಸದ್ದಿನಲ್ಲಿ ಇರಬೇಕು, ಆಕ್ಸಿಲರೇಟರ್ ಕದಲಿಸಬೇಡಿ, ವೇಗ ಪೂರ್ತಿ ಕ್ಲಚ್ಚಿನಲ್ಲಿ ಮತ್ತು ಹಿಂದಿನ ಬ್ರೇಕಿನಲ್ಲಿ. ಆಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟರ ಆಕಾರ ಸುತ್ತಿ. ಬೈಕನ್ನು ಒಳಕ್ಕೆ ಬಗ್ಗಿಸಿ, ನಿಮ್ಮ ಮೈ ಹೊರಕ್ಕೆ. ಕ್ಲಚ್ ಬಿಸಿಯಾದ ವಾಸನೆ ಬಂದರೆ ನಿಲ್ಲಿಸಿ, ಆರಲಿ. ಹಿಂದಿನ ಬ್ರೇಕ್ ಎಂಥದ್ದು ಅಂತ ನೋಡಬೇಕಾದರೆ ಟ್ರಯಲ್ಸ್ ಮಾಜಿ ವಿಶ್ವ ಚಾಂಪಿಯನ್ ಡೌಗಿ ಲ್ಯಾಂಪ್ಕಿನ್ 2016ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ರೇಸ್ ರಸ್ತೆಯ ಇಡೀ ಸುತ್ತನ್ನು, ಅಂದರೆ ಸುಮಾರು 60 ಕಿಮೀ, ಮುಂದಿನ ಚಕ್ರ ನೆಲಕ್ಕೆ ತಾಗಿಸದೆ ಓಡಿಸಿದ್ದನ್ನು ನೋಡಿ. ಬೈಕ್ ಹಿಂದಕ್ಕೆ ಮಗುಚದಂತೆ ತಡೆಯುವುದು ಆ ಬ್ರೇಕೇ.

ಒಬ್ಬರೇ ಹೋಗಬೇಡಿ. ಬೈಕ್ ಕೆಳಗೆ ಕಾಲು ಸಿಕ್ಕರೆ ಎತ್ತಲು ಇನ್ನೊಬ್ಬರು ಬೇಕು. ಕಲಿಸುವವರ ಕೈಯಲ್ಲಿ ಆಫ್‌ರೋಡ್ ಬುನಾದಿ ಬೇಕು ಅಂದರೆ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರು ಕೋಲಾರದ ಕಡೆ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ, ವಿಚಾರಿಸಿ.

ಗ್ಲಾಸ್ಗೋ ಕನ್ನಡತಿ:

ವಯಸ್ಸಿನ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ನಡೆಯುತ್ತದೆ. ಇದರ ಶುರು 1909ರಲ್ಲಿ. ಆರು ದಿನ, ದಿನಕ್ಕೆ ಸುಮಾರು 30 ಸೆಕ್ಷನ್. ಸೆಕ್ಷನ್ ಅಂದರೆ ತೊರೆಯ ಕಲ್ಲುಗಳ ನಡುವೆ, ಇಲ್ಲವೇ ಬೆಟ್ಟದ ಬದಿಯಲ್ಲಿ ಗುರುತು ಹಾಕಿ ಬಿಟ್ಟ ಚಿಕ್ಕ ದಾರಿ. ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಜೌಗು ನೆಲ ದಾಟಿಕೊಂಡು ಅದೇ ಸೀಟಿಲ್ಲದ ಬೈಕಿನಲ್ಲಿ, ಮಳೆಯಲ್ಲಿ, ಇಡೀ ದಿನ. ಇಲ್ಲಿ ಬರುವವರೆಲ್ಲ ಚಾಂಪಿಯನ್ನುಗಳಲ್ಲ. ಐವತ್ತು ದಾಟಿದವರು, ಕೆಲಸಕ್ಕೆ ರಜಾ ಹಾಕಿ ಬಂದವರು ಬೇಕಾದಷ್ಟು ಜನ. ನೋಡಲು ಟಿಕೆಟ್ ಇಲ್ಲ. ಕಿನ್‌ಲಾಕ್‌ಲೆವೆನ್ ಮೇಲಿನ ಪೈಪ್‌ಲೈನ್ ಅನ್ನುವ ಸೆಕ್ಷನ್ ಹತ್ತಿರ ಜನ ಗುಡ್ಡದ ಮೇಲೆಲ್ಲ ಕೂತಿರುತ್ತಾರೆ, ಯಾರ ಬೈಕ್ ಮೇಲೆ ಹತ್ತಿದರೂ ಚಪ್ಪಾಳೆ.

ಲೆಕ್ಕ ಹೀಗೆ. ಕಾಲು ಒಮ್ಮೆ ಊರಿದರೆ 1, ಎರಡು ಸಲಕ್ಕೆ 2, ಮೂರಾಗಲಿ ಅದಕ್ಕಿಂತ ಜಾಸ್ತಿಯಾಗಲಿ 3. ಬಿದ್ದರೆ, ಗುರುತಿನಿಂದ ಹೊರಗೆ ಹೋದರೆ 5. ಕಾಲೂರದೆ ದಾಟಿದರೆ ಸೊನ್ನೆ, ಅದನ್ನು ಕ್ಲೀನ್ ಅನ್ನುತ್ತಾರೆ. ಕಮ್ಮಿ ಅಂಕ ಬಂದವರು ಗೆದ್ದಂತೆ. ಪಕ್ಕದಲ್ಲೇ ಒಬ್ಬ ಅಬ್ಸರ್ವರ್ ನಿಂತು ಪಾದವನ್ನೇ ನೋಡುತ್ತಿರುತ್ತಾರೆ. ಸಂಬಳವಿಲ್ಲ, ಇಷ್ಟಪಟ್ಟು ಬಂದ ಊರವರು.

ಇದನ್ನು ನೀವೂ ಮಾಡಬಹುದು. ನಾಲ್ಕು ಕೋಲು, ಒಂದಷ್ಟು ರಿಬ್ಬನ್, ಒಬ್ಬ ಗೆಳೆಯ. ನೀವು ಓಡಿಸುವಾಗ ಅವರು ಬೆರಳೆಣಿಸಲಿ, ಅವರು ಓಡಿಸುವಾಗ ನೀವು. ಸುಮ್ನೆ ಹಾರುವುದನ್ನು ಅಭ್ಯಾಸ ಮಾಡುವುದಕ್ಕಿಂತ ಇದರಲ್ಲಿ ಬೇಗ ಕಲಿಯುತ್ತೀರಿ, ಯಾಕೆಂದರೆ ಕಾಲು ಎಲ್ಲಿ ಊರಿತು ಅನ್ನುವುದು ಗೊತ್ತಾಗುತ್ತೆ. ಸಾಮಾನ್ಯವಾಗಿ ತಿರುವಿನಲ್ಲೇ ಊರಿರುತ್ತೆ, ಕಲ್ಲಿನ ಮೇಲಲ್ಲ.

ಜಾಗದ ವಿಷಯ. ಇಲ್ಲಿ ಇಡೀ ಟ್ರಯಲ್ ನಡೆಯುವುದೇ ಜಮೀನಿನವರ ಒಪ್ಪಿಗೆಯ ಮೇಲೆ, ಒಬ್ಬರು ಬೇಡ ಅಂದರೆ ಆ ಸೆಕ್ಷನ್ ಇಲ್ಲ. ನಮ್ಮಲ್ಲೂ ಹಾಗೇ ಇರಬೇಕು. ದೇವರಾಯನದುರ್ಗದ್ದು ಕಾಡು, ಅರಣ್ಯ ಇಲಾಖೆಯನ್ನು ಕೇಳದೆ ಚಕ್ರ ಇಡಬೇಡಿ. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಹಂಪಿಯ ಬಂಡೆ ನೋಡಿದರೆ ಆಸೆ ಆಗುವುದು ಸಹಜ, ಆದರೆ ಅಲ್ಲಿ ಯೋಚನೆ ಕೂಡ ಬೇಡ. ಗೆಳೆಯರ ತೋಟ, ನೆಂಟರ ಹೊಲದ ಬದಿಯ ಬಂಡೆ, ಕೇಳಿಕೊಂಡು ಹೋಗಿ.

ತುಮಕೂರು ಪೆಡಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ಕಾಡಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಗುಬ್ಬಿ ಹತ್ತಿರ ಮಾವನ ತೋಟದಲ್ಲಿ ಒಂದು ಬಂಡೆ ಸಾಲು ಇದೆ, ಅವರನ್ನೇ ಕೇಳುತ್ತೇನೆ. ಸೈಜುಗಲ್ಲು ಅವರೇ, ಒಂದು ಸಂದೇಹ. ಪೆಡಲ್ ಜೋರಾಗಿ ತುಳಿದು ಹಿಂದಿನ ಚಕ್ರದ ಮೇಲೆ ಹಾರುವಾಗ ಮಾಮೂಲಿ ಹಬ್ (ಚಕ್ರದ ನಡುವಿನ ಭಾಗ) ತಡೆಯುತ್ತಾ?

ಸೈಜುಗಲ್ಲು ಸವಾರ:

ಒಳ್ಳೆ ಪ್ರಶ್ನೆ. ಸಾಧಾರಣ ಹಬ್ಬಿನ ಫ್ರೀವೀಲ್, ಅಂದರೆ ಮುಂದಕ್ಕೆ ತುಳಿದಾಗ ಮಾತ್ರ ಚಕ್ರವನ್ನು ಹಿಡಿಯುವ ಭಾಗ, ಒಂದು ಸುತ್ತಿಗೆ 18-24 ಕಡೆ ಮಾತ್ರ ಕಚ್ಚುತ್ತದೆ. ಅಂದರೆ ನೀವು ತುಳಿದ ಮೇಲೂ ಒಂದಷ್ಟು ದೂರ ಪೆಡಲ್ ಖಾಲಿ ಹೋಗಿ ಆಮೇಲೆ ಹಿಡಿಯುತ್ತೆ. ಟ್ರಯಲ್ಸ್‌ಗೆ ಅಂತ ಮಾಡಿದ ಫ್ರೀವೀಲ್ 72 ಕಡೆ, ಅದಕ್ಕಿಂತ ಜಾಸ್ತಿಯೂ ಕಚ್ಚುತ್ತದೆ. ಹಾಗಾಗಿ ಕಾಲಿಟ್ಟ ತಕ್ಷಣ ಚಕ್ರ ತಿರುಗುತ್ತೆ. ಎಷ್ಟೋ ಟ್ರಯಲ್ಸ್ ಸೈಕಲ್ಲಿನಲ್ಲಿ ಫ್ರೀವೀಲ್ ಹಿಂದೆ ಇರುವುದೇ ಇಲ್ಲ, ಮುಂದೆ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳಿನಲ್ಲಿ) ಇರುತ್ತದೆ.

ನಿಲ್ಲುವುದಕ್ಕೆ, ಕುಪ್ಪಳಿಸುವುದಕ್ಕೆ, ಒಂದು ಸೈಜುಗಲ್ಲಿನ ಎತ್ತರ ಹತ್ತುವುದಕ್ಕೆ ನಿಮ್ಮ ಹಬ್ ಸಾಕು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರಲು ಶುರು ಮಾಡಿದ ದಿನ ಹಬ್ ಬದಲಾಯಿಸಿ, ಯಾಕೆಂದರೆ ಅದು ಹಾರುವ ಹೊತ್ತಿನಲ್ಲಿ ಜಾರಿದರೆ ಎದೆ ಹೋಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹಬ್‌ಗಿಂತ ಮೊದಲು ದುಡ್ಡು ಹಾಕಬೇಕಾದ್ದು ಬ್ರೇಕಿಗೆ. ಕೇಬಲ್ ಡಿಸ್ಕ್ ಇದ್ದರೆ ಹಿಂದಿನದನ್ನಾದರೂ ಹೈಡ್ರಾಲಿಕ್ ಮಾಡಿಸಿ, ಒಂದು ಬೆರಳಿಗೆ ಚಕ್ರ ಕಲ್ಲಾಗಿ ನಿಲ್ಲಬೇಕು. ಚೈನನ್ನೂ ಆಗಾಗ ನೋಡುತ್ತಿರಿ, ಒಂದು ಕೊಂಡಿ ಬಿಗಿಯಾಗಿದ್ದರೂ ಬದಲಾಯಿಸಿ. ಮಾವನ ತೋಟದ ಬಂಡೆಯ ಫೋಟೋ ಹಾಕಿ, ಎಲ್ಲಿಂದ ಹತ್ತಬಹುದು ಅಂತ ನೋಡೋಣ.