ಯೆಲ್ಲೋ ಅಲರ್ಟ್ ಇತ್ತು, ಹೂ ಮಳೆ ಮಾತ್ರ ಪಕ್ಕದ ತೋಟಕ್ಕೆ. ಯಾಕೆ ಹೀಗೆ?

ಬಣಕಲ್ ರೊಬಸ್ಟಾ:
ಮೂಡಿಗೆರೆ ತಾಲ್ಲೂಕು ಬಣಕಲ್ ಹತ್ತಿರ ನಮ್ಮ ಕಾಫಿ ತೋಟ. ಮೊಗ್ಗು ಅರಳಿಸುವ ಹೂ ಮಳೆಗೆ ಕಾಯ್ತಾ ಇದ್ದೀವಿ. ಮೊನ್ನೆ ಜಿಲ್ಲೆಗೆ ಯೆಲ್ಲೋ ಅಲರ್ಟ್ ಇತ್ತು. ಫೋನಿನ ಆಪ್ ಬೇರೆ ಶೇ 70 ಮಳೆ ಅಂತಿತ್ತು. ಸಂಜೆ ನಾಲ್ಕಕ್ಕೆ ಮೋಡ ಕಪ್ಪಾಗಿ ಗುಡುಗಿತು. ತಣ್ಣನೆ ಗಾಳಿ ಬೀಸಿ ಸಿಲ್ವರ್ ಓಕ್ ಎಲೆಯೆಲ್ಲ ಕಣಕ್ಕೆ ಬಂದು ಬಿತ್ತು. ಮಳೆ ಎಷ್ಟು? 12 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು)! ಮೂರು ಕಿಲೋಮೀಟರ್ ಆಚೆ ನಮ್ಮ ಭಾವನ ತೋಟದಲ್ಲಿ ಒಂದೂವರೆ ಇಂಚು. ಮುನ್ಸೂಚನೆ ಸುಳ್ಳಾ, ನಮ್ಮ ಹಣೆಬರಹವಾ? ಮುಂದಿನ ವಾರವೂ ಮಳೆ ಇದೆ ಅಂತಿದ್ದಾರೆ. ಕಾಯೋದಾ, ಸ್ಪ್ರಿಂಕ್ಲರ್ ಹಾಕೋದಾ? ಕೆರೆಯಲ್ಲಿ ಒಂದು ಸುತ್ತಿಗೆ ಆಗುವಷ್ಟೇ ನೀರಿದೆ.

ಕಡೂರು ತೆಂಗು:
ನಿಮಗೆ 12 ಸೆಂಟ್ ಆದರೂ ಬಂತಲ್ಲ ಮಾರಾಯ್ರೇ. ನಮ್ಮದೂ ಅದೇ ಜಿಲ್ಲೆ, ಅದೇ ಹಳದಿ ಬಣ್ಣ. ಬಂದಿದ್ದು ಬರೀ ಧೂಳು.

ಸಕಲೇಶಪುರದ ಮೇಷ್ಟ್ರು:
ಬಣಕಲ್‌ನವರೇ, ಬೇಜಾರು ಮಾಡ್ಕೋಬೇಡಿ, ಹವಾಮಾನ ಇಲಾಖೆ ಲೆಕ್ಕದಲ್ಲಿ ಮುನ್ಸೂಚನೆ ನಿಮ್ಮ ತೋಟದಲ್ಲೂ ನಿಜವಾಗಿದೆ! 12 ಸೆಂಟ್ ಅಂದರೆ ಸುಮಾರು 3 ಮಿ.ಮೀ. ಮಳೆಮಾಪಕದಲ್ಲಿ 2.5 ಮಿ.ಮೀ. ದಾಟಿದರೆ ಆ ಜಾಗದಲ್ಲಿ 'ಮಳೆಯಾಯಿತು' ಅಂತಲೇ ಲೆಕ್ಕ. ಮುನ್ಸೂಚನೆಯಲ್ಲಿ 'ಒಂದೆರಡು ಕಡೆ' ಅಂದರೆ ನಾಲ್ಕರಲ್ಲಿ ಒಂದು ಮಳೆಮಾಪನ ಕೇಂದ್ರದವರೆಗೆ ಅಷ್ಟು ಬೀಳಬಹುದು ಅಂತ. 'ಅಲ್ಲಲ್ಲಿ' ಅಂದರೆ ಶೇ 26ರಿಂದ 50 ಕೇಂದ್ರಗಳಲ್ಲಿ. ಪೇಪರಿಗೆ ಬರುವಾಗ ಎಲ್ಲ ಸೇರಿ 'ಜಿಲ್ಲೆಯಲ್ಲಿ ಮಳೆ' ಆಗಿಬಿಡುತ್ತದೆ. ಕಡೂರಿನ ಬಯಲಿಗೂ ಕೊಟ್ಟಿಗೆಹಾರದ ಘಟ್ಟಕ್ಕೂ ಒಂದೇ ಬಣ್ಣ ಬಳಿದರೆ ಇನ್ನೇನಾಗುತ್ತದೆ?

ಇನ್ನೊಂದು ವಿಷಯ. ಮಾರ್ಚ್‌ನ ಹಳದಿ ಸಾಮಾನ್ಯವಾಗಿ ಗುಡುಗು, ಸಿಡಿಲು, ಜೋರು ಗಾಳಿಯ ಎಚ್ಚರಿಕೆ. ಮಳೆ ಇಂಚುಗಟ್ಟಲೆ ಬರುತ್ತದೆ ಅಂತ ಅದು ಹೇಳುವುದಿಲ್ಲ. ಇಲಾಖೆಯವರು 'ಭಾರಿ ಮಳೆ' ಅನ್ನುವುದು 64.5 ಮಿ.ಮೀ. ಮೇಲೆ, ಅಂದರೆ ನಮ್ಮ ಎರಡೂವರೆ ಇಂಚು.

ಈಗ ಭಾವನ ತೋಟದ ಕಥೆ. ಜುಲೈ ಮಳೆ ಕಡಲಿಂದ ಬಂದು ಇಡೀ ಘಟ್ಟಕ್ಕೆ ಹೊದಿಕೆ ಹಾಸಿದ ಹಾಗೆ ಸುರಿಯುತ್ತದೆ. ಹೂ ಮಳೆ ಹಾಗಲ್ಲ. ಬೆಳಿಗ್ಗೆಯಿಂದ ನೆಲ ಕಾಯುತ್ತದೆ. ಬಿಸಿ ಗಾಳಿ ಕಡಲಿನ ತೇವವನ್ನೂ ಎಳೆದುಕೊಂಡು ಮೇಲೇಳುತ್ತದೆ. ಮೂರು ಗಂಟೆ ಹೊತ್ತಿಗೆ ಮೋಡ ಗೋಪುರದಷ್ಟು ಎತ್ತರ. ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಸ್ಸು ಹೆಚ್ಚೆಂದರೆ ಒಂದು ಗಂಟೆ. ಮಳೆ ಶುರುವಾದಾಗ ಒಳಗಿನ ತಣ್ಣನೆ ಗಾಳಿ ಕೆಳಗೆ ಬಿದ್ದು ಸುತ್ತಲೂ ಹರಡುತ್ತದೆ. ನಿಮ್ಮ ಕಣಕ್ಕೆ ಎಲೆ ತಂದದ್ದು ಬಹುಶಃ ಭಾವನ ತೋಟದ ಮಳೆಯದೇ ಗಾಳಿ. ಅದೇ ಗಾಳಿ ಪಕ್ಕದ ಬಿಸಿ ಗಾಳಿಯನ್ನು ಎತ್ತಿ ಹೊಸ ಮೋಡ ಕಟ್ಟುತ್ತದೆ. ಆದರೆ ಅದು ಎಲ್ಲಿ ಕಟ್ಟುತ್ತದೆ ಅಂತ ಹಿಂದಿನ ದಿನ ಹೇಳುವುದು ಯಾರಿಂದಲೂ ಆಗದು. 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅನ್ನುವ ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಕೂಡ 6 ಕಿಲೋಮೀಟರ್‌ನ ಚೌಕದಲ್ಲಿ ಲೆಕ್ಕ ಹಾಕುತ್ತದೆ. ನೀವೂ ಭಾವನೂ ಒಂದೇ ಚೌಕದಲ್ಲಿ ಇದ್ದೀರೋ ಏನೋ!

ಅದಕ್ಕೆ ಈ ತಿಂಗಳು ನಾನು ನಾಳೆಯ ಮುನ್ಸೂಚನೆ ನೋಡಿ ಪಂಪ್ ನಿಲ್ಲಿಸುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ನೌಕಾಸ್ಟ್, ಅಂದರೆ ಮುಂದಿನ ಮೂರು ಗಂಟೆಯ ಮುನ್ಸೂಚನೆ ನೋಡುತ್ತೇನೆ, ಜೊತೆಗೆ ದಾಮಿನಿ ಆಪ್. ಸುತ್ತ 20 ಕಿಲೋಮೀಟರ್‌ನಲ್ಲಿ ಸಿಡಿಲು ಎಲ್ಲಿ ಬಿತ್ತು ಅಂತ ಅದು ತೋರಿಸುತ್ತದೆ. ಚುಕ್ಕಿಗಳು ಹತ್ತಿರ ಬರುತ್ತಿದ್ದರೆ ಮೊದಲು ಆಳುಗಳನ್ನು ಮರದ ಕೆಳಗಿಂದ ಮನೆಗೆ ಕಳಿಸಿ. ಮಳೆ ಲೆಕ್ಕ ಆಮೇಲೆ.

ಬಣಕಲ್ ರೊಬಸ್ಟಾ:
ಥ್ಯಾಂಕ್ಸ್ ಮೇಷ್ಟ್ರೇ. ಹಾಗಾದರೆ ನೀರು ಹಾಕಿಬಿಡಲಾ? ಎಂಟು ದಿನಕ್ಕೆ ಹೂ ಬಿಡುತ್ತದೆ. ಆ ದಿನವೇ ಮಳೆ ಬಂದರೆ ಪರಾಗ ತೊಳೆದು ಹೋಗುತ್ತದಲ್ವಾ?

ಸಕಲೇಶಪುರದ ಮೇಷ್ಟ್ರು:
ಆ ಭಯ ಎಲ್ಲರಿಗೂ ಇದ್ದದ್ದೇ. ಆದರೆ ಹೂ ಅರಳುವುದು ಬೆಳಗಿನ ಜಾವ, ಈ ಮಳೆ ಬರುವುದು ಜಾಸ್ತಿ ಸಂಜೆ. ಅಷ್ಟರೊಳಗೆ ಪರಾಗ ಗಾಳಿಯಲ್ಲಿ ಓಡಾಡಲು ಹೊತ್ತು ಸಿಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಆ 12 ಸೆಂಟ್. ಸುಮ್ನೆ ಎಲೆ ಒದ್ದೆ ಮಾಡಿ ಹೋಗಿದ್ದರೆ ಪರವಾಗಿಲ್ಲ. ಅರ್ಧಂಬರ್ಧ ನೀರಿಗೆ ಮೊಗ್ಗು ಹೊರಟಿದ್ದರೆ ಅಲ್ಲೇ ನಿಂತು ಕೆಂಪಾಗುತ್ತದೆ. ನಾಳೆ ಬೆಳಿಗ್ಗೆ ನಾಲ್ಕು ಕಡೆ ಗಿಡದ ರೆಕ್ಕೆ (ಕೊಂಬೆ) ಬಗ್ಗಿಸಿ ನೋಡಿ. ಮೊಗ್ಗು ಊದಿದ್ದರೆ ತಡ ಮಾಡದೆ ಪೈಪ್ ಎಳೆಸಿ, ಒಂದು ಇಂಚಾದರೂ ಆಗುವಷ್ಟು ಹೊಡೆಯಿರಿ.

ಮೂರು ವಾರದ ಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂವಾದ ಮೇಲೆ ಬೇಕಾಗುವ ಎರಡನೇ ಮಳೆ ಬಾರದಿದ್ದರೆ ಮತ್ತೆ ನೀರು ಬೇಕು. ಭಾವನ ಕೆರೆ ಈ ಸಲ ಪೂರ್ತಿ ಉಳಿದಿದೆ ಅಲ್ವಾ? ಈಗಲೇ ಒಂದು ಮಾತು ಹೇಳಿಟ್ಟಿರಿ.