ಕಚ್ಚೆ ಇಲ್ಲದ ಬೆಲ್ಟು

ನಮ್ಮ ಗೋಪಿ ಸ್ಪೋರ್ಟ್ಸ್ ಕಾರು ತಗೊಂಡು ಎರಡು ಸಲ ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ, ಹೋಗಿ ಬಂದಿದ್ದಾನೆ. ಎರಡೇ ಸಲ. ಆದರೆ ಮಾತು ಕೇಳಿದರೆ ಹುಟ್ಟಿದ್ದೇ ಪಿಟ್ ಲೇನಿನಲ್ಲಿ ಅನ್ನಬೇಕು. ಮೊನ್ನೆ ಸಂಜೆ ಬಂದವನು ಕೂರುವ ಮುಂಚೆಯೇ ಶುರು ಮಾಡಿದ.

"ರೇಸಿಂಗ್ ಹಾರ್ನೆಸ್ ಹಾಕಿಸ್ತಾ ಇದ್ದೀನಿ. ನಾಲ್ಕು ಪಾಯಿಂಟಿಂದು, ಭುಜಕ್ಕೆ ಎರಡು ಪಟ್ಟಿ, ಸೊಂಟಕ್ಕೆ ಎರಡು. ಕೆಂಪು ಬಣ್ಣ."

"ಯಾಕೆ?" ಅಂದ ಸೀನ. ಸೀನ ವರ್ಷಗಟ್ಟಲೆ ಟ್ರ್ಯಾಕಿನಲ್ಲಿ ಓಡಿಸಿದವನು. ಅವನು "ಯಾಕೆ" ಅಂದರೆ ಅದು ಪ್ರಶ್ನೆಯಲ್ಲ, ಮುಂದೆ ಗುಂಡಿ ಇದೆ ಅಂತ ಅರ್ಥ.

"ತಿರುವಿನಲ್ಲಿ ಮೈ ನಿಲ್ಲಲ್ಲ ಕಣೋ. ಕಾರು ಒಂದು ಕಡೆ, ನಾನು ಇನ್ನೊಂದು ಕಡೆ. ಬಾಗಿಲಿಗೆ ಮಂಡಿ ಒತ್ತಿ ಒತ್ತಿ ನೀಲಿಗಟ್ಟಿದೆ. ಸ್ಟೀರಿಂಗ್ ತಿರುಗಿಸ್ತಾ ಇದ್ದೀನೋ ಅದನ್ನ ಹಿಡ್ಕೊಂಡು ನೇತಾಡ್ತಾ ಇದ್ದೀನೋ ನನಗೇ ಗೊತ್ತಾಗಲ್ಲ."

ಇದು ಮಾತ್ರ ನಿಜ. ಮಾಮೂಲಿ ಬೆಲ್ಟು ಜರ್ಕ್ ಹೊಡೆದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಹಾರ್ನೆಸ್ ಇದ್ದರೆ ಮೈ ಸೀಟಿಗೆ ಅಂಟಿಕೊಳ್ಳುತ್ತದೆ, ಕೈಗೆ ಸ್ಟೀರಿಂಗ್ ಕೆಲಸ ಬಿಟ್ಟು ಬೇರೆ ಕೆಲಸ ಇರುವುದಿಲ್ಲ, ಹಿಂದಿನ ಚಕ್ರ ಜಾರುವುದು ಬೆನ್ನಿಗೇ ಗೊತ್ತಾಗುತ್ತದೆ. ಗೋಪಿಗೆ ಇಷ್ಟೆಲ್ಲ ಗೊತ್ತಿತ್ತೋ ಇಲ್ಲವೋ, ಫೋಟೋದಲ್ಲಿ ಕೆಂಪು ಪಟ್ಟಿ ಚೆನ್ನಾಗಿ ಕಾಣುತ್ತದೆ ಅನ್ನುವುದಂತೂ ಚೆನ್ನಾಗಿ ಗೊತ್ತಿತ್ತು.

"ಭುಜದ ಪಟ್ಟಿ ಎಲ್ಲಿಗೆ ಕಟ್ಟಿಸ್ತೀಯಾ?" ಅಂದ ಸೀನ.

"ಹಿಂದಿನ ಸೀಟಿನ ಬೆಲ್ಟಿಗೆ ಕೆಳಗೆ ಬೋಲ್ಟ್ ಇದೆಯಲ್ಲ, ಅಲ್ಲಿಗೆ. ವಿಡಿಯೋದಲ್ಲಿ ನೋಡಿದೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಗೋಪಿ. ಸೀನ ನಿಟ್ಟುಸಿರು ಬಿಟ್ಟ. "ಪಟ್ಟಿ ಭುಜದಿಂದ ಹಿಂದಕ್ಕೆ ಹೆಚ್ಚುಕಮ್ಮಿ ಮಟ್ಟವಾಗಿ ಹೋಗಬೇಕು ಮಾರಾಯ. ಇಳಿದರೂ 20 ಡಿಗ್ರಿ ಒಳಗೆ. ನೆಲಕ್ಕೆ ಕಟ್ಟಿದರೆ, ಗುದ್ದಿದಾಗ ಅದು ನಿನ್ನನ್ನ ಹಿಂದಕ್ಕೆ ಹಿಡಿಯೋ ಬದಲು ಕೆಳಕ್ಕೆ ಒತ್ತುತ್ತೆ. ಎಲ್ಲಾ ಭಾರ ಬೆನ್ನುಮೂಳೆ ಮೇಲೆ. ಹೋದಾಗ ಇದ್ದ ಎತ್ತರ ಬರುವಾಗ ಇರಲ್ಲ."

ಗೋಪಿ ಮೊದಲೇ ಕುಳ್ಳ. ಈ ಮಾತು ನಾಟಿತು. "ಸರಿ, ಹಿಂದೆ ಅಡ್ಡಲಾಗಿ ಒಂದು ಹಾರ್ನೆಸ್ ಬಾರ್ ಹಾಕಿಸಿಬಿಡ್ತೀನಿ."

"ಕಾರು ಮಗುಚಿದರೆ?"

"ಯಾಕೋ ಬರೀ ಅಪಶಕುನ ನುಡೀತೀಯಾ?"

"ಮಾಮೂಲಿ ಮೂರು ಪಾಯಿಂಟ್ ಬೆಲ್ಟಲ್ಲಿ ಛಾವಣಿ ಕುಸಿದರೆ ಪಕ್ಕಕ್ಕೆ ವಾಲೋದಕ್ಕಾದರೂ ಜಾಗ ಇರುತ್ತೆ. ಹಾರ್ನೆಸ್ಸಲ್ಲಿ ನೀನು ಕಂಬಕ್ಕೆ ಕಟ್ಟಿದವನ ಹಾಗೆ ನೆಟ್ಟಗೆ ಕೂತಿರ್ತೀಯ. ಛಾವಣಿಗೆ ಮೊದಲು ಸಿಗೋದೇ ನಿನ್ನ ತಲೆ. ಹಾರ್ನೆಸ್ ಬಾರ್ ಪಟ್ಟಿ ಹಿಡಿಯುತ್ತೆ ಅಷ್ಟೇ, ಛಾವಣಿ ಹಿಡಿಯಲ್ಲ. ಅದಕ್ಕೆ ತಲೆ ಹಿಂದೆ ಕಮಾನಿನ ಹಾಗೆ ನಿಲ್ಲೋ ಕಬ್ಬಿಣದ ಕೊಳವೆ, ರೋಲ್ ಬಾರ್ ಬೇಕು."

"ಹಾಗಾದರೆ ರೋಲ್ ಬಾರೇ ಆಗಲಿ."

"ಅದನ್ನ ಹಾಕಿಸಿಕೊಂಡು ರೋಡಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡಬೇಡ. ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಹೋಗಿ ಕಬ್ಬಿಣಕ್ಕೆ ಬಡಿಯುತ್ತೆ."

ಗೋಪಿ ನನ್ನ ಕಡೆ ನೋಡಿದ. ನಾನು ಮೇಲೆ ಫ್ಯಾನ್ ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಮಜಾ ಬರುತ್ತಿತ್ತು.

ಆಮೇಲೆ ಬಂತು ನಾಲ್ಕು ಪಾಯಿಂಟಿನ ವಿಚಾರ. ಸೀನನ ಪ್ರಕಾರ ಅದು ಕಚ್ಚೆ ಕಟ್ಟದೆ ಕುಸ್ತಿಗೆ ಇಳಿದ ಹಾಗೆ. ಸೊಂಟದ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು. ಗುದ್ದಿದಾಗ ಭುಜದ ಪಟ್ಟಿಗಳು ಬಕಲನ್ನು ಮೇಲಕ್ಕೆ ಎಳೆಯುತ್ತವೆ, ಸೊಂಟದ ಪಟ್ಟಿ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ, ಮನುಷ್ಯ ಪಟ್ಟಿಯ ಅಡಿಯಲ್ಲಿ ಜಾರಿ ಮುಂದಕ್ಕೆ ಹೋಗುತ್ತಾನೆ. ಸಬ್‌ಮರೈನಿಂಗ್ ಅಂತ ಇದಕ್ಕೆ ಹೆಸರು. ಒಳಗಿರುವ ಕರುಳು, ಪಿತ್ತಜನಕಾಂಗದ ಕಥೆ ಮುಗೀತು. ಇದನ್ನು ತಡೆಯೋಕೆ ಕಾಲುಗಳ ನಡುವೆ ಬರುವ ಪಟ್ಟಿ ಬೇಕು. ಒಂದಿದ್ದರೆ ಐದು ಪಾಯಿಂಟು, ಎರಡಿದ್ದರೆ ಆರು. ನಾಲ್ಕು ಪಾಯಿಂಟಲ್ಲೂ ಒಂದು ಜಾಣ ಜಾತಿ ಇದೆ: ಒಂದು ಭುಜದ ಪಟ್ಟಿಯ ಹೊಲಿಗೆ ಬೇಕಂತಲೇ ಬಿಚ್ಚಿಕೊಂಡು ಮೈ ಸ್ವಲ್ಪ ತಿರುಗುತ್ತದೆ, ಜಾರುವುದಿಲ್ಲ.

"ಆರೇ ಇರಲಿ" ಅಂದ ಗೋಪಿ.

"ಕಚ್ಚೆ ಪಟ್ಟಿ ತೂರಿಸೋಕೆ ನಿನ್ನ ಸೀಟಲ್ಲಿ ತೂತು ಇದೆಯಾ?"

"ಕೊರೆಸ್ತೀನಿ."

"ಲೆದರ್ ಸೀಟು ಕೊರೆಸ್ತೀಯಾ! ತೂತಿರೋ ಬಕೆಟ್ ಸೀಟೇ ಬೇಕು. ಸೀಟು ತೆಗೆದರೆ ಅದರೊಳಗಿನ ಸೈಡ್ ಏರ್‌ಬ್ಯಾಗೂ ಹೋಯ್ತು. ನೋಡು, 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿದ ಮೂರು ಪಾಯಿಂಟ್ ಬೆಲ್ಟು ಇವತ್ತಿಗೂ ಸಾಯದೆ ಉಳಿದಿರೋದು ಸುಮ್ನೆ ಅಲ್ಲ. ಬೆಲ್ಟು, ಸೀಟು, ಏರ್‌ಬ್ಯಾಗು ಎಲ್ಲಾ ಒಂದೇ ಕೂಡುಕುಟುಂಬ. ಒಬ್ಬರನ್ನ ಹೊರಗೆ ಹಾಕಿದರೆ ಎಲ್ಲರ ಜಗಳ."

ಹಾಕಿಸಬೇಕಾದ ಸಾಮಾನಿನ ಲಿಸ್ಟು ಹನುಮಂತನ ಬಾಲದ ಹಾಗೆ ಬೆಳೆಯುತ್ತಿತ್ತು. ಇನ್ನೂ ಕುತ್ತಿಗೆ ಬಾಕಿ. ಮೈ ಬಿಗಿದಷ್ಟೂ ಕುತ್ತಿಗೆಗೆ ಕಷ್ಟ. ಎದೆ ನಿಲ್ಲುತ್ತದೆ, ಹೆಲ್ಮೆಟ್ ಹೊತ್ತ ತಲೆ ಮಾತ್ರ ಮುಂದಕ್ಕೆ ಹೋಗುತ್ತದೆ. 2001ರಲ್ಲಿ ಅಮೆರಿಕದ ಡೇಟೋನಾ 500 ರೇಸಿನ ಕೊನೇ ಲ್ಯಾಪಿನಲ್ಲಿ ರೇಸರ್ ಡೇಲ್ ಅರ್ನ್‌ಹಾರ್ಟ್ ಸತ್ತಿದ್ದು ತಲೆಬುರುಡೆಯ ಬುಡ ಮುರಿದು. ಅದೇ ವರ್ಷ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ತಲೆ-ಕುತ್ತಿಗೆ ಹಿಡಿಯುವ ಸಾಧನ ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ನಿಗೂ ಹಾನ್ಸ್ ಅನ್ನುವ ಅಂಥದೇ ಸಾಧನ ಕಡ್ಡಾಯವಾಯಿತು. ಭುಜದ ಪಟ್ಟಿಯ ಅಡಿಗೆ ಕೂರುವ ಕಾಲರ್ ಅದು, ಅದರಿಂದ ಎರಡು ದಾರ ಹೆಲ್ಮೆಟ್ಟಿಗೆ. ಮಾಡಿದವರು ರಾಬರ್ಟ್ ಹಬ್ಬರ್ಡ್ ಅನ್ನುವ ಪ್ರೊಫೆಸರು ಮತ್ತು ಜಿಮ್ ಡೌನಿಂಗ್ ಅನ್ನುವ ರೇಸರು. ಇಬ್ಬರೂ ಭಾವ-ಭಾವಮೈದ.

"ನನ್ನ ಭಾವಮೈದನೂ ಇದ್ದಾನೆ" ಅಂದ ಗೋಪಿ, "ನನ್ನ ಕುತ್ತಿಗೆಗೆ ಅವನು ಕೊಟ್ಟಿದ್ದು ಸಾಲ ಮಾತ್ರ."

"ಇನ್ನೊಂದು. ಜಗತ್ತಿನ ಕಾರ್ ರೇಸಿಗೆ ನಿಯಮ ಮಾಡೋ ಸಂಸ್ಥೆ ಎಫ್‌ಐಎ ಲೇಬಲ್ ಇರೋ ಹಾರ್ನೆಸ್ ಐದು ವರ್ಷಕ್ಕೆ ಮುಗಿಯುತ್ತೆ."

"ಇದಕ್ಕೂ ಎಕ್ಸ್‌ಪೈರಿನಾ? ಮಾತ್ರೆನಾ ಇದು?"

"ಬಿಸಿಲಿಗೆ ಪಾಲಿಯೆಸ್ಟರ್ ಸೊರಗುತ್ತೆ ಗುರು. ಒಂದು ಸಲ ಜೋರಾಗಿ ಗುದ್ದಿದರಂತೂ ಐದು ವರ್ಷದ ಮಾತೇ ಇಲ್ಲ, ಅವತ್ತೇ ಬಿಸಾಕು."

ಗೋಪಿ ಕುಗ್ಗಿಹೋದ. ಸೀನನಿಗೇ ಪಾಪ ಅನ್ನಿಸಿರಬೇಕು. ಪುಕ್ಕಟೆ ಉಪಾಯ ಒಂದನ್ನು ಹೇಳಿದ. ಸೀಟನ್ನು ಎರಡು ಮೂರು ಕ್ಲಿಕ್ ಹಿಂದಕ್ಕೆ ಸರಿಸಬೇಕು, ಇರುವ ಬೆಲ್ಟನ್ನೇ ಹಾಕಿ ಸಡಿಲವೆಲ್ಲ ಎಳೆದುಕೊಂಡು ಒಂದು ಜರ್ಕ್ ಕೊಟ್ಟು ಲಾಕ್ ಮಾಡಬೇಕು, ಲಾಕ್ ಬಿಡದ ಹಾಗೆ ಸೀಟನ್ನು ಮುಂದಕ್ಕೆ ತರಬೇಕು. ಬೆಲ್ಟು ತಾನಾಗಿ ಬಿಗಿಯುತ್ತದೆ. ಹಾರ್ನೆಸ್ಸಿನಷ್ಟು ಅಲ್ಲ, ಆದರೆ ಮಂಡಿ ನೀಲಿಗಟ್ಟುವುದು ನಿಲ್ಲುತ್ತದೆ. ಹೊಸಬರಿಗೆ ಇಷ್ಟು ಸಾಕು ಅಂತ ನನಗೂ ಅನ್ನಿಸುತ್ತದೆ. ಗೋಪಿ ತಲೆಯಾಡಿಸಿದ, ಆದರೆ ಆಸೆ ಹೋಗಿರಲಿಲ್ಲ. "ನಿನ್ನ ಕಾರಲ್ಲಿ ಇದೆಯಲ್ಲ, ಒಂದೇ ಒಂದು ಸಲ ಕೂತು ನೋಡ್ತೀನಿ."

ಹೋದೆವು. ಸೀನನ ಕಾರಲ್ಲಿ ಎಲ್ಲಾ ಇದೆ. ಮೊದಲು ಸೊಂಟದ ಪಟ್ಟಿ, ಆಮೇಲೆ ಕಚ್ಚೆ, ಕೊನೆಗೆ ಭುಜ, ಹಾಗೆ ಒಂದೊಂದಾಗಿ ಬಿಗಿದ. "ಬಿಚ್ಚೋದು ಹೇಗೆ?" ಅಂದ ಗೋಪಿ. "ಮೊದಲು ಫೋಟೋ" ಅಂದೆ ನಾನು. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಫೋನ್ ಪ್ಯಾಂಟಿನ ಜೇಬಿನಲ್ಲಿ, ಜೇಬು ಸೊಂಟದ ಪಟ್ಟಿಯ ಅಡಿಯಲ್ಲಿ. ಕೈ ಎಟುಕಲ್ಲ, ಬಗ್ಗೋಕೆ ಆಗಲ್ಲ, ಬೆವರು ಒರೆಸಿಕೊಳ್ಳೋಕೂ ಬಿಡದೆ ಸೀನ ಹೆಲ್ಮೆಟ್ ಬೇರೆ ಹಾಕಿಬಿಟ್ಟಿದ್ದ. ರಿಂಗ್ ನಿಂತಿತು. ಮರುಕ್ಷಣ ನನ್ನ ಫೋನ್ ಶುರುವಾಯಿತು. ಅವನ ಹೆಂಡತಿ.

"ಇವರು ಅಲ್ಲಿದ್ದಾರಾ ಅಣ್ಣ? ಫೋನ್ ತೆಗೀತಾ ಇಲ್ಲ."

"ಇದ್ದಾನಮ್ಮ" ಅಂದೆ, "ಎಲ್ಲಿಗೂ ಹೋಗಲ್ಲ, ನೀನು ನಿಧಾನವಾಗಿ ಮಾತಾಡು, ಸ್ಪೀಕರಲ್ಲಿ ಹಾಕ್ತೀನಿ."